ಅಮ್ಮ ಇಲ್ಲದ ಮನೆ ನಡೆಸುವುದು: ಮೊದಲ ಒಂದು ವರ್ಷದ ಸಮಗ್ರ ಮಾರ್ಗದರ್ಶಿ

ಅಮ್ಮ ತೀರಿಕೊಂಡ ನಾಲ್ಕನೇ ದಿನ ಬಾವಿಯ ಪಂಪ್ ನೀರು ಎತ್ತಲಿಲ್ಲ. ಮೋಟರ್ ಓಡುವ ಸದ್ದು ಕೇಳುತ್ತಿತ್ತು, ನಲ್ಲಿಯಲ್ಲಿ ಹನಿ ಇಲ್ಲ. ಮನೆ ತುಂಬ ನೆಂಟರು. ನಾನು ಸ್ವಿಚ್ ಹಾಕುವುದು, ತೆಗೆಯುವುದು ಮಾಡುತ್ತ ನಿಂತಿದ್ದೆ. ಪಕ್ಕದ ಮನೆ ಚಿಕ್ಕಿ ಬಂದು ಪಂಪಿನ ತಲೆಯ ಮೇಲಿನ ಬಿರಡೆ ಬಿಚ್ಚಿ, ಒಂದು ಚೊಂಬು ನೀರು ಹೊಯ್ದು, ಮತ್ತೆ ತಿರುಗಿಸಿ ಬಿಗಿ ಮಾಡಿದರು. ನೀರು ಬಂತು. "ನಿನ್ನ ಅಮ್ಮ ಎರಡು ದಿನಕ್ಕೊಮ್ಮೆ ಹೀಗೇ ಮಾಡ್ತಿದ್ದಳಲ್ಲೇ, ನೋಡಿಲ್ವಾ ನೀನು?" ಎಂದರು.

ಇಪ್ಪತ್ತಾರು ವರ್ಷ ಅದೇ ಮನೆಯಲ್ಲಿದ್ದೆ. ನೋಡಿರಲಿಲ್ಲ.

ನಮ್ಮದು ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಹತ್ತಿರದ ಹಳ್ಳಿ. ನಾನು ಕೆಲಸಕ್ಕೆ ದಿನಾ ಕಾರವಾರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಹೋದವರು. ಅಮ್ಮ ಹೋದಾಗ ಮನೆಯಲ್ಲಿ ಉಳಿದದ್ದು ನಾನು ಮತ್ತು ಹದಿನೇಳು ವರ್ಷದ ತಮ್ಮ. ಮನೆ ಅಮ್ಮನ ತಲೆಯೊಳಗೆ ನಡೆಯುತ್ತಿತ್ತು. ಯಾವ ಕಾಗದ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಕಾಯಿ ಕೀಳುವವನಿಗೆ ಯಾವಾಗ ಹೇಳಿ ಕಳಿಸಬೇಕು, ಎಲ್ಲ ಅಲ್ಲೇ. ಅದನ್ನು ನಮ್ಮ ಕೈಗೆ ತಂದುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ನಿಮಗೆ ಸ್ವಲ್ಪ ಬೇಗ ಆಗಲಿ ಅಂತ ಈ ಬರಹ. ನಾನು ವಕೀಲೆ ಅಲ್ಲ. ಕಚೇರಿಗಳಿಗೆ ಅಲೆದು ಕಲಿತದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಹೆಜ್ಜೆ 1: ಮೊದಲ ಹದಿಮೂರು ದಿನ ಯಾವುದಕ್ಕೂ ಸಹಿ ಹಾಕಬೇಡಿ

ಈ ದಿನಗಳಲ್ಲಿ ತಲೆ ಕೆಲಸ ಮಾಡುವುದಿಲ್ಲ. ಮಾಡುತ್ತಿದೆ ಅಂತ ನಿಮಗೆ ಅನ್ನಿಸುತ್ತದೆ, ಅದೇ ತೊಂದರೆ. ಸೂತಕದ ಮನೆಯಲ್ಲಿ ಕೂತೇ ಜಮೀನಿನ ಮಾತು ಎತ್ತುವವರು ಇರುತ್ತಾರೆ. ಎಲ್ಲರೂ ಕೆಟ್ಟವರು ಅಂತಲ್ಲ. ಎಲ್ಲ ಒಟ್ಟಿಗೆ ಸೇರಿದ್ದಾರೆ, ಈಗಲೇ ಮುಗಿಸಿಬಿಡೋಣ ಅನ್ನುವ ಅವಸರ. "ವರ್ಷಾಂತ ಮುಗಿಯಲಿ, ಆಮೇಲೆ ಕೂತು ಮಾತಾಡೋಣ" ಎಂದು ಹೇಳಿ. ವರ್ಷಾಂತ ಅಂದರೆ ಮೊದಲ ವರ್ಷದ ತಿಥಿ. ನಮ್ಮ ಕಡೆ ಈ ಮಾತನ್ನು ಯಾರೂ ತಳ್ಳಿಹಾಕುವುದಿಲ್ಲ.

ಮಾಡಲೇಬೇಕಾದ ಕೆಲಸ ಎರಡು. ಒಂದು, ಹೋದವರ ಫೋನ್ ಚಾರ್ಜಿಗೆ ಹಾಕಿಡಿ. ಸಿಮ್ ತೆಗೆಯಬೇಡಿ, ರೀಚಾರ್ಜ್ ತಪ್ಪಿಸಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಎರಡು, ಕ್ರಿಯೆಯ ಖರ್ಚನ್ನು ಯಾರು ಎಷ್ಟು ಕೊಟ್ಟರು ಅಂತ ಒಬ್ಬರ ಕೈಯಲ್ಲಿ ಬರೆಸಿಡಿ. ಗೋಕರ್ಣದಲ್ಲಿ ಅಸ್ಥಿ ಬಿಟ್ಟಿದ್ದರಿಂದ ಹಿಡಿದು ಹದಿಮೂರನೇ ದಿನದ ಊಟದವರೆಗೆ ಎಲ್ಲವೂ ಅದರಲ್ಲಿರಲಿ. ಆರು ತಿಂಗಳ ನಂತರ "ಆವಾಗ ನಾನೇ ಕೊಟ್ಟದ್ದು" ಅನ್ನುವ ಮಾತು ಬಂದಾಗ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಮರಣ ಪ್ರಮಾಣಪತ್ರ, ಮತ್ತು ಒಂದು ಅಕ್ಷರದ ಕಥೆ

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಮೇಲೂ ಆಗುತ್ತದೆ, ಆದರೆ ತಡವಾದಷ್ಟೂ ತಾಪತ್ರಯ ಜಾಸ್ತಿ. 30 ದಿನದವರೆಗೆ ತಡದ ಶುಲ್ಕ. ಅದು ದಾಟಿದರೆ ಮೇಲಿನ ಅಧಿಕಾರಿಯ ಅನುಮತಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು.

ನಮ್ಮ ಜಿಲ್ಲೆಯವರಿಗೆ ಇದರಲ್ಲಿ ಒಂದು ತೊಡಕಿದೆ. ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ, ನೀವಿರುವ ಊರಿನಲ್ಲಲ್ಲ. ದೊಡ್ಡ ಕಾಯಿಲೆ ಅಂದರೆ ನಾವು ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಓಡುತ್ತೇವೆ, ಕಾರವಾರದವರು ಗೋವಾಕ್ಕೂ ಹೋಗುತ್ತಾರೆ. ಅಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಅಲ್ಲಿಂದಲೇ ಬರಬೇಕು. ಹಾಗಾಗಿ ಆಸ್ಪತ್ರೆಯಿಂದ ಹೊರಡುವ ಮೊದಲು ಯಾರಾದರೊಬ್ಬರು ಎರಡು ಪ್ರಶ್ನೆ ಕೇಳಲಿ: ನೋಂದಣಿಗೆ ನೀವೇ ಕಳಿಸುತ್ತೀರಾ, ಪ್ರತಿ ಎಲ್ಲಿ ಸಿಗುತ್ತದೆ? ಮನೆಯಲ್ಲೇ ಹೋದರೆ ಹಳ್ಳಿಯಲ್ಲಿ ನೋಂದಣಿಯ ಹೊಣೆ ಇರುವ ಅಧಿಕಾರಿಗೆ, ಪಟ್ಟಣದಲ್ಲಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಮನೆಯವರೇ ತಿಳಿಸಬೇಕು.

ಇನ್ನು ಅಕ್ಷರದ ಕಥೆ. ಆಸ್ಪತ್ರೆಯ ಫಾರಂ ತುಂಬಿದ್ದು ದೂರದ ಸಂಬಂಧಿಯೊಬ್ಬರು. ಅಮ್ಮನ ಹೆಸರನ್ನು ಮನೆಯಲ್ಲಿ ಕರೆಯುವ ಹಾಗೆ ಬರೆದುಬಿಟ್ಟರು. ಆಧಾರ್‌ನಲ್ಲಿ ಪೂರ್ತಿ ಹೆಸರು, ಜೊತೆಗೆ ಅಪ್ಪನ ಹೆಸರು. ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಮಾತ್ರ. ಪಡಿತರ ಚೀಟಿಯಲ್ಲಿ ಮತ್ತೇನೋ. ನಾಲ್ಕು ಕಾಗದದಲ್ಲಿ ನಾಲ್ಕು ಅಮ್ಮ. ಇವರೆಲ್ಲ ಒಬ್ಬರೇ ಅಂತ ಸಾಬೀತು ಮಾಡಲು ನೋಟರಿ ಅಫಿಡವಿಟ್ ಮಾಡಿಸಿ, ತಿದ್ದುಪಡಿಗೆ ಅರ್ಜಿ ಕೊಟ್ಟು, ಒಂದು ಕಚೇರಿಗೆ ಐದು ಸಲ ಹೋದೆ. ಐದನೇ ಸಲ ಹೋದಾಗ ಅಲ್ಲಿಯವರು ಊಟಕ್ಕೆ ಹೋಗಿದ್ದರು. ಫಾರಂ ತುಂಬುವಾಗ ಆಧಾರ್ ಕಾರ್ಡ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಬರೆದಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಸಾವಿನ ಮಾಹಿತಿ ಕೊಟ್ಟವರಿಗೆ ಮೊದಲ ಪ್ರತಿ ಉಚಿತ. ಅದರ ಮೇಲೆ ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ.

ಹೆಜ್ಜೆ 3: ಒಂದು ಇನ್ನೂರು ಪುಟದ ಪುಸ್ತಕ

ಬೈಂಡ್ ಮಾಡಿದ ನೋಟ್‌ಬುಕ್ ತನ್ನಿ. ಫೋನಿನಲ್ಲಿ ಬರೆದಿಟ್ಟರೆ ಸಾಲದು, ಮನೆಯ ಎಲ್ಲರೂ ತೆರೆದು ನೋಡುವಂತಿರಬೇಕು. ನಮ್ಮದಕ್ಕೆ ತಮ್ಮ ಹಳೇ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ. ಅದು ಈಗಲೂ ಫ್ರಿಜ್ಜಿನ ಮೇಲಿದೆ.

ಅದರಲ್ಲಿ ಮೊದಲು ಬರೆಯಬೇಕಾದದ್ದು ಜನರನ್ನು. ಯಾವ ಕೆಲಸಕ್ಕೆ ಯಾರು, ಅವರ ನಂಬರ್, ಎಷ್ಟು ಕೊಡುವುದು, ಎಷ್ಟು ದಿನಕ್ಕೊಮ್ಮೆ. ಪಂಪ್ ರಿಪೇರಿ, ಹಂಚು ಹೊದಿಸುವವರು, ಕಾಯಿ ಕೀಳುವವನು, ಗ್ಯಾಸ್, ಕೇಬಲ್, ಹಾಲು, ಮೀನಿನವಳು. ಅಮ್ಮನ ಫೋನಿನ ಕರೆಪಟ್ಟಿ ನೋಡಿದೆ, ಅರ್ಧ ಜನ ಅಲ್ಲೇ ಸಿಕ್ಕರು. ಉಳಿದವರನ್ನು ಚಿಕ್ಕಿ ಹೇಳಿದರು. ಒಬ್ಬೊಬ್ಬರಿಗೂ ಫೋನ್ ಮಾಡಿ, "ಅಮ್ಮ ಹೋದಳು, ಇನ್ನು ಮೇಲೆ ಈ ನಂಬರಿಗೆ ಮಾಡಿ" ಅಂದೆ. ಮೊದಲ ಮೂರು ಕರೆ ಕಷ್ಟ. ಆಮೇಲೆ ನಾಲಿಗೆ ತಾನಾಗಿ ಹೇಳುತ್ತದೆ.

ಆಮೇಲೆ ಕಾಗದ. ಅಮ್ಮ ಎಲ್ಲವನ್ನೂ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟಿದ್ದಳು. ನಮ್ಮ ಕರಾವಳಿಯ ಗಾಳಿಗೆ ಡಬ್ಬದ ಮುಚ್ಚಳ ತುಕ್ಕು ಹಿಡಿದು, ಪಾಸ್‌ಬುಕ್‌ಗೆ ಆ ತುಕ್ಕಿನ ಉಂಗುರ ಅಂಟಿತ್ತು. ಒಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮಾಡಿ. ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ. ಮಳೆಗಾಲದಲ್ಲಿ ಕಪಾಟಿನೊಳಗೂ ಕಾಗದ ಬೂಸಲು ಹಿಡಿಯುತ್ತದೆ.

ಹೆಜ್ಜೆ 4: ದುಡ್ಡು ಎಲ್ಲೆಲ್ಲಿದೆ ಅಂತ ಹುಡುಕುವುದು

ಇದೇ ಎಲ್ಲಕ್ಕಿಂತ ಉದ್ದದ ಹೆಜ್ಜೆ. ನಿಧಾನ ಮಾಡಿ, ಆದರೆ ಬಿಡಬೇಡಿ.

ಮೊದಲು ಮಾಡಬಾರದ್ದು: ಅವರ ಎಟಿಎಂ ಕಾರ್ಡಿನಿಂದ, ಅವರ ಫೋನಿನ ಯುಪಿಐನಿಂದ ದುಡ್ಡು ತೆಗೆಯಬೇಡಿ. ಪಿನ್ ಗೊತ್ತಿದ್ದರೂ, ನೀವೇ ನಾಮಿನಿ ಆಗಿದ್ದರೂ. ಖಾತೆದಾರರು ಹೋದ ಮೇಲೆ ಆ ಹಣ ವಾರಸುದಾರರೆಲ್ಲರದ್ದು. ನಾಳೆ ಲೆಕ್ಕ ಕೇಳಿದರೆ ಉತ್ತರ ಇರುವುದಿಲ್ಲ.

ಪಾಸ್‌ಬುಕ್‌ಗಳಿಗೆ ಎಂಟ್ರಿ ಹಾಕಿಸಿ. ಆಮೇಲೆ ಒಂದು ಪೆನ್ ಹಿಡಿದು ಹಿಂದಿನ ಒಂದು ವರ್ಷದ ಸಾಲುಗಳನ್ನು ಓದಿ. ಅಮ್ಮ ಹೋದದ್ದು ಜೂನ್ ಕೊನೆಯಲ್ಲಿ. ಇಪ್ಪತ್ತಾರನೇ ದಿನ ಎಂಟ್ರಿ ಹಾಕಿಸಿದಾಗ ಮೇ ಕೊನೆಯಲ್ಲಿ ಒಂದು ಸಾಲು: 436 ರೂಪಾಯಿ ಕಡಿತ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. ಯಾವ ಕಾರಣಕ್ಕೆ ಸತ್ತರೂ 2 ಲಕ್ಷ ಸಿಗುವ ವಿಮೆ, 55 ವರ್ಷದವರೆಗೆ. ಅಮ್ಮನಿಗೆ ಇನ್ನೂ ಐವತ್ತು ತುಂಬಿರಲಿಲ್ಲ. ಆಕೆ ಅದನ್ನು ಯಾರಿಗೂ ಹೇಳಿರಲಿಲ್ಲ. ಬಹುಶಃ ಬ್ಯಾಂಕಿನವರು ಹೇಳಿದರು, ಹೆಬ್ಬೆರಳೊತ್ತಿದ ಹಾಗೆ ಸಹಿ ಹಾಕಿದ್ದಳು. ಅರ್ಜಿಯನ್ನು 30 ದಿನದೊಳಗೆ ಕೊಟ್ಟರೆ ಒಳ್ಳೆಯದು. ನಮಗೆ ನಾಲ್ಕು ದಿನ ಬಾಕಿ ಇತ್ತು. ಅದೇ ಹೊತ್ತಿಗೆ 20 ರೂಪಾಯಿ ಕಡಿತ ಕಂಡರೆ ಅದು ಅಪಘಾತ ವಿಮೆ, ಸುರಕ್ಷಾ ಬಿಮಾ ಯೋಜನೆಯದು. ಅಪಘಾತದಲ್ಲಿ ಹೋದವರಿಗೆ ಮಾತ್ರ ಅನ್ವಯ.

ಬ್ಯಾಂಕಿನಲ್ಲಿ ನಾಮಿನಿ ಇದ್ದರೆ ಕೆಲಸ ಸುಲಭ. ಕ್ಲೈಮ್ ಫಾರಂ, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ. ಎಲ್ಲ ಸರಿಯಾಗಿ ಕೊಟ್ಟ ಮೇಲೆ 15 ದಿನದಲ್ಲಿ ಬ್ಯಾಂಕು ಇತ್ಯರ್ಥ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ನಾಮಿನಿ ಅಂದರೆ ಮಾಲೀಕ ಅಂತಲ್ಲ. ಹಣ ಪಡೆದು ವಾರಸುದಾರರಿಗೆ ತಲುಪಿಸುವವ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ನಾಮಿನಿ ಇಲ್ಲದಿದ್ದರೆ ವಾರಸುದಾರರೆಲ್ಲ ಸೇರಿ ಅರ್ಜಿ ಕೊಡಬೇಕು. ಮೊತ್ತ ದೊಡ್ಡದಿದ್ದರೆ ಅಥವಾ ಜಗಳವಿದ್ದರೆ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಇನ್ನು ಎಲ್ಲೆಲ್ಲಿ ಹುಡುಕಬೇಕು? ಪೋಸ್ಟಾಫೀಸಿನ ಆರ್‌ಡಿ. ಸ್ವಸಹಾಯ ಸಂಘದ ಉಳಿತಾಯ. ಸೊಸೈಟಿಯ ಷೇರು ಮತ್ತು ಠೇವಣಿ. ಎಲ್‌ಐಸಿ ಬಾಂಡ್. ಕಂಪನಿ ಕೆಲಸದಲ್ಲಿದ್ದವರಾದರೆ ಪಿಎಫ್. ಪಿಎಫ್ ಹಣದ ಜೊತೆಗೆ ಇಡಿಎಲ್‌ಐ ಎಂಬ ವಿಮೆ ಇರುತ್ತದೆ, 7 ಲಕ್ಷದವರೆಗೆ, ಇದನ್ನು ಕೇಳದೆ ಬಿಟ್ಟವರು ಬಹಳ. ಪಿಎಫ್ ಪಿಂಚಣಿಯಲ್ಲಿ 25 ವರ್ಷದೊಳಗಿನ ಮಕ್ಕಳಿಗೂ ಪಾಲಿದೆ. ಹಳೆಯ, ಮರೆತ ಬ್ಯಾಂಕ್ ಖಾತೆಗಳಿಗೆ ರಿಸರ್ವ್ ಬ್ಯಾಂಕಿನ ಉದ್ಗಮ್ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಹತ್ತು ವರ್ಷ ಮುಟ್ಟದ ಖಾತೆಗಳು ಅಲ್ಲಿ ಕಾಣುತ್ತವೆ. ಮೀನುಗಾರರ ಮನೆಯಾದರೆ, ಅಪಘಾತದ ಸಾವಿಗೆ ಮತ್ಸ್ಯ ಸಂಪದ ಯೋಜನೆಯಡಿ 5 ಲಕ್ಷದ ವಿಮೆ ಇದೆ. ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ.

ಅಪ್ಪ ಅಥವಾ ಅಮ್ಮ ರಾಜ್ಯ ಸರ್ಕಾರಿ ನೌಕರಿಯಲ್ಲಿರುವಾಗಲೇ ಹೋದರೆ ಅನುಕಂಪದ ನೇಮಕಾತಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಯೋಚಿಸಿ ಹಾಕೋಣ ಅಂತ ಕೂರಬೇಡಿ. ಹಾಕಿ, ಆಮೇಲೆ ಯೋಚಿಸಿ.

ಅವರ ಫೋನ್ ಉಳಿಸಿ ಎಂದದ್ದು ಇದಕ್ಕೇ. ಕಂತು ಬಾಕಿ, ಠೇವಣಿ ಮುಗಿಯಿತು, ಚಿನ್ನದ ಸಾಲದ ಬಡ್ಡಿ ಕಟ್ಟಿ, ಇಂಥ ಮೆಸೇಜುಗಳು ಅಲ್ಲಿಗೇ ಬರುತ್ತವೆ. ಅಮ್ಮನ ಎರಡು ಬಳೆ ಅಡವಿದ್ದದ್ದು ನಮಗೆ ತಿಳಿದದ್ದು ಹಾಗೆ. ತಮ್ಮನ ಕಾಲೇಜು ಫೀಸಿಗೆ ಇಟ್ಟಿದ್ದಳು.

ಹೆಜ್ಜೆ 5: ಸಾಲ

ಹೋದವರ ಸಾಲಕ್ಕೆ ಮಕ್ಕಳು ಹೊಣೆಯಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನಿಮ್ಮ ಸಂಬಳದಿಂದ ಕಟ್ಟಲೇಬೇಕು ಅಂತ ಯಾರೂ ಹೇಳುವಂತಿಲ್ಲ, ನೀವು ಜಾಮೀನುದಾರರಾಗಿ ಸಹಿ ಹಾಕಿದ್ದರೆ ಬೇರೆ ಮಾತು. ಬಾಯಿಮಾತಿನ ಸಾಲ ಕೇಳಿಕೊಂಡು ಬಂದವರಿಗೆ ಸಿಟ್ಟು ಮಾಡಬೇಡಿ. ಪುಸ್ತಕದಲ್ಲಿ ಬರೆದುಕೊಳ್ಳಿ, ಗುರುತು ಕೇಳಿ. ನಮ್ಮಲ್ಲಿಗೆ ಮೂವರು ಬಂದರು. ಇಬ್ಬರದು ನಿಜ. ಮೂರನೆಯವರು ಪುಸ್ತಕ ತೆರೆದ ಕೂಡಲೇ ಮತ್ತೆ ಬರುತ್ತೇನೆ ಅಂತ ಎದ್ದರು, ಇನ್ನೂ ಬಂದಿಲ್ಲ. ಚಿನ್ನದ ಸಾಲಕ್ಕೆ ಮಾತ್ರ ಬಡ್ಡಿ ಕಟ್ಟುತ್ತಿರಿ, ಇಲ್ಲದಿದ್ದರೆ ಹರಾಜಿಗೆ ಹೋಗುತ್ತದೆ.

ಹೆಜ್ಜೆ 6: ಪಹಣಿ, ಮನೆ ಮತ್ತು "ಒಂದು ಸಹಿ ಅಷ್ಟೇ"

ನಮ್ಮ ಹದಿನಾರು ಗುಂಟೆ ಗದ್ದೆಯ ಪಹಣಿ ತೆಗೆಸಿದರೆ ಅದರಲ್ಲಿದ್ದದ್ದು ಅಜ್ಜನ ಹೆಸರು. ಅಜ್ಜ ಹೋಗಿ ಇಪ್ಪತ್ತೆರಡು ವರ್ಷ, ಅಪ್ಪ ಹೋಗಿ ಹದಿನಾಲ್ಕು. ಯಾರೂ ಬದಲಾಯಿಸಿರಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಗಾಬರಿ ಬೇಡ, ಜಿಲ್ಲೆಯಲ್ಲಿ ಇದು ಮಾಮೂಲು.

ಇಲ್ಲಿ ಬೇಕಾದದ್ದು ಪೌತಿ ಖಾತೆ. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವುದು. ಕ್ರಮ ಹೀಗಿದೆ. ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಂದ ಶುರು ಮಾಡಿ ಬರೆಯಬೇಕು. ನಮ್ಮದು ಅಜ್ಜನಿಂದ, ಅಂದರೆ ಅತ್ತೆಯರಿಬ್ಬರೂ ಸೇರಿ. ಅವರನ್ನು ಬಿಟ್ಟು ಬರೆದರೆ ಬೇಗ ಆಗುತ್ತದೆ ಅಂತ ಒಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಬೇಡಿ. ಅದು ಸುಳ್ಳು ದಾಖಲೆ, ಮುಂದೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ. ಆಮೇಲೆ ವಂಶವೃಕ್ಷ, ಅಜ್ಜ, ಅಪ್ಪ ಇಬ್ಬರದೂ ಮರಣ ಪ್ರಮಾಣಪತ್ರ, ಪಹಣಿ, ಎಲ್ಲರ ಆಧಾರ್ ಸೇರಿಸಿ ಪೌತಿಗೆ ಅರ್ಜಿ. ನೋಟಿಸ್ ಹೊರಡಿಸುತ್ತಾರೆ. ತಕರಾರು ಬರದಿದ್ದರೆ ಹೆಸರು ಬದಲಾಗುತ್ತದೆ. 1964ರ ಭೂಕಂದಾಯ ಕಾಯ್ದೆ ಮೂರು ತಿಂಗಳಲ್ಲಿ ತಿಳಿಸಿ ಅನ್ನುತ್ತದೆ. ತಡವಾದರೆ ಹಕ್ಕು ಹೋಗುವುದಿಲ್ಲ, ಕೆಲಸ ಮಾತ್ರ ಬೆಳೆಯುತ್ತದೆ.

ಪೌತಿ ಆದರೆ ಪಾಲು ಆದ ಹಾಗಲ್ಲ. ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ, ಅಷ್ಟೇ.

ಹೆಣ್ಣುಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಬರುವ ಹೊತ್ತಿಗೆ ಅಪ್ಪ ಬದುಕಿರಬೇಕು ಅಂತೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪ ಹೋದರೆ ಅವರ ಪಾಲಿನಲ್ಲಿ ಹೆಂಡತಿ, ಮಕ್ಕಳ ಜೊತೆ ಬದುಕಿರುವ ಅಜ್ಜಿಗೂ ಸಮಪಾಲಿದೆ, ಅಜ್ಜಿಯನ್ನು ಎಲ್ಲರೂ ಮರೆಯುತ್ತಾರೆ. "ನೀನು ಮದುವೆಯಾಗಿ ಹೋಗುವವಳು, ಒಂದು ಸಹಿ ಅಷ್ಟೇ" ಅಂತ ನನಗೂ ಹೇಳಿದರು. ಆ ಒಂದು ಸಹಿಯ ಹೆಸರು ಹಕ್ಕು ಬಿಡುಗಡೆ ಪತ್ರ. ತಮ್ಮನಿಗೆ ಬಿಟ್ಟುಕೊಡಬೇಕು ಅನ್ನಿಸಿದರೆ ಮುಂದೆ ಎಂದಾದರೂ ಕೊಡಬಹುದು. ಮೊದಲ ವರ್ಷ ಬೇಡ.

ಹದಿನೆಂಟು ತುಂಬದ ತಮ್ಮ ತಂಗಿಯರ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದನ್ನು ಜೋರಾಗಿ ಹೇಳಿ, ಕೆಲವರ ಆಸಕ್ತಿ ಅಲ್ಲಿಗೇ ಕಡಿಮೆಯಾಗುತ್ತದೆ. ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ದಾಖಲೆಯಲ್ಲೂ ಹೆಸರು ಬದಲಾಯಿಸಬೇಕು. ವಕೀಲರ ಫೀಸು ಭಾರ ಅನ್ನಿಸಿದರೆ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ಸಹಾಯವಾಣಿ 15100.

ಹೆಜ್ಜೆ 7: ಚಿಲ್ಲರೆ ಕೆಲಸಗಳು

ಒಂದು ಶನಿವಾರಕ್ಕೆ ಒಂದು. ಪಡಿತರ ಚೀಟಿಯಿಂದ ಹೆಸರು ತೆಗೆಸಿ. ಅಮ್ಮ ಮುಖ್ಯಸ್ಥೆಯಾಗಿದ್ದರೆ ಹದಿನೆಂಟು ದಾಟಿದ ಹಿರಿಯ ಹೆಣ್ಣಿನ ಹೆಸರು ಆ ಜಾಗಕ್ಕೆ ಬರುತ್ತದೆ. ಗೃಹಲಕ್ಷ್ಮಿಗೆ ಆಮೇಲೆ ಹೊಸದಾಗಿ ಕೇಳಬೇಕು. ಅವರ ಖಾತೆಗೆ ವಿಧವಾ ವೇತನವೋ ಪಿಂಚಣಿಯೋ ಬರುತ್ತಿದ್ದರೆ ಕೂಡಲೇ ತಿಳಿಸಿ ನಿಲ್ಲಿಸಿ, ಹೆಚ್ಚಿಗೆ ಬಂದದ್ದನ್ನು ವಾಪಸ್ ಕೇಳುತ್ತಾರೆ. ಹೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರ್ ಬರೆದಿಟ್ಟುಕೊಂಡು ಹೆಸರು ಬದಲಾಯಿಸಿ. ಗ್ಯಾಸ್ ಕನೆಕ್ಷನ್ ಕೂಡ. ಬೈಕು, ಸ್ಕೂಟರ್ ಅವರ ಹೆಸರಿನಲ್ಲಿದ್ದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು. ಕೆಎ-30 ಆದರೆ ಕಾರವಾರ, ಕೆಎ-31 ಆದರೆ ಶಿರಸಿ. ಆದಾಯ ತೆರಿಗೆ ಕಟ್ಟುತ್ತಿದ್ದವರಾದರೆ ಆ ವರ್ಷದ ರಿಟರ್ನ್ಸ್ ಅನ್ನು ವಾರಸುದಾರರೇ ಸಲ್ಲಿಸಬೇಕು, ಅಲ್ಲಿಯವರೆಗೆ ಪಾನ್ ಕಾರ್ಡ್ ರದ್ದು ಮಾಡಬೇಡಿ.

ಹೆಜ್ಜೆ 8: ಒಲೆ ಹಚ್ಚುವುದು

ಹದಿನಾಲ್ಕನೇ ದಿನ ನೆಂಟರು ಹೋದರು. ರಾತ್ರಿ ಎಂಟು ಗಂಟೆ. ಹೊರಗೆ ಆಷಾಢದ ಮಳೆ. ತಮ್ಮ, "ಅಕ್ಕ, ಊಟಕ್ಕೆ ಏನು?" ಅಂದ. ನನಗೆ ಬರುತ್ತಿದ್ದದ್ದು ಚಹಾ ಮತ್ತು ಮ್ಯಾಗಿ.

ಮೂರು ಅಡುಗೆ ಕಲಿತರೆ ಮನೆ ನಡೆಯುತ್ತದೆ. ಮೊದಲನೆಯದು ಗಂಜಿ. ಒಂದು ಲೋಟ ಕುಚ್ಚಲಕ್ಕಿ ತೊಳೆದು, ಆರು ಲೋಟ ನೀರು ಕುದಿಸಿ ಅದಕ್ಕೆ ಹಾಕಿ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಉಪ್ಪು ಕೊನೆಗೆ. ಅಕ್ಕಿ ರಾತ್ರಿಯೇ ನೆನೆಸಿಟ್ಟರೆ ಗ್ಯಾಸ್ ಉಳಿಯುತ್ತದೆ. ಜೊತೆಗೆ ಒಣ ಶೆಟ್ಲಿ ಚಟ್ನಿ: ಒಣ ಸಿಗಡಿಯ ತಲೆ, ಬಾಲ ಚಿವುಟಿ, ಬರಿ ಬಾಣಲೆಯಲ್ಲಿ ಗರಿಗರಿಯಾಗುವ ತನಕ ಹುರಿಯಿರಿ. ಕಾಯಿತುರಿ, ಸುಟ್ಟ ಒಣಮೆಣಸು, ಹುಣಸೆ, ಸ್ವಲ್ಪ ಈರುಳ್ಳಿ ತರಿಯಾಗಿ ಅರೆದು, ಸಿಗಡಿ ಕೈಯಲ್ಲೇ ಪುಡಿ ಮಾಡಿ ಸೇರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಆ ಎರಡು ತಿಂಗಳು ಒಣಮೀನೇ ಗತಿ. ಅಮ್ಮ ಮೇ ತಿಂಗಳಲ್ಲೇ ತಂದು ಬಿಸಿಲಿಗೆ ಹಾಕಿ ಡಬ್ಬ ತುಂಬಿಸಿಟ್ಟಿದ್ದಳು. ಆ ಮಳೆಗಾಲ ಪೂರ್ತಿ ನಾವು ತಿಂದದ್ದು ಆಕೆ ತುಂಬಿಸಿಟ್ಟ ಡಬ್ಬದಿಂದಲೇ.

ಎರಡನೆಯದು ಮೀನುಸಾರು. ಆಗಸ್ಟ್ ಬಂದ ಮೇಲೆ ಬಂಗುಡೆಯಿಂದ ಶುರು ಮಾಡಿ, ಮುಳ್ಳು ಕಡಿಮೆ, ಬೆಲೆಯೂ ಕೈಗೆಟುಕುತ್ತದೆ. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಒತ್ತಿದರೆ ಬೆರಳ ಗುರುತು ಉಳಿಯಬಾರದು. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಅರಿಶಿನ, ಹುಣಸೆ ನುಣ್ಣಗೆ ಅರೆಯಿರಿ. ಕುದಿ ಬಂದ ಮೇಲೆ ಮೀನು, ಜಜ್ಜಿದ ಜುಮ್ಮನಕಾಯಿ (ತೆಪ್ಪಲ ಅನ್ನುವ ಮಸಾಲೆಕಾಯಿ) ನಾಲ್ಕು. ಸೌಟು ಹಾಕಿ ತಿರುವಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ. ನಾನು ತಿರುವಿದೆ. ಮೊದಲ ಸಲ ನಮ್ಮದು ಮೀನಿನ ಪಾಯಸ ಆಗಿತ್ತು.

ಮೂರನೆಯದು ತಂಬುಳಿ. ಅದನ್ನು ಹೇಳಿಕೊಡಬೇಕೇ? ಮೀನು ತಿನ್ನದವರ ಮನೆಯಲ್ಲಿ ಗಂಜಿಯ ಜೊತೆ ಮಾವಿನಕಾಯಿಯ ಅಪ್ಪೆಹುಳಿ ಸಾಕು.

ಸ್ವಂತ ಬದುಕು ಅಂದರೆ ಒಬ್ಬರೇ ಎಲ್ಲ ಮಾಡುವುದು ಅಂತ ನಾನು ಅಂದುಕೊಂಡಿದ್ದೆ. ಬೆಳಿಗ್ಗೆ ಐದಕ್ಕೆದ್ದು ಅಡುಗೆ, ಬಸ್ಸು, ಕಚೇರಿ, ಮತ್ತೆ ಅಡುಗೆ. ಮೂರನೇ ತಿಂಗಳು ಜ್ವರ ಬಂದು ಮಲಗಿದೆ. ಆವಾಗ ತಮ್ಮ ಗಂಜಿ ಮಾಡಿದ. ನನ್ನದಕ್ಕಿಂತ ಚೆನ್ನಾಗಿತ್ತು. ಅಲ್ಲಿಂದ ರಾತ್ರಿ ಊಟ ಅವನ ಪಾಲು.

ಹೆಜ್ಜೆ 9: ಮನೆಯ ಪಂಚಾಂಗ

ಪುಸ್ತಕದಲ್ಲಿ ತಿಂಗಳಿಗೊಂದು ಪುಟ ಬಿಡಿ. ಕರಾವಳಿಯಲ್ಲಿ ಇಡೀ ವರ್ಷ ಮಳೆಯ ಸುತ್ತ ತಿರುಗುತ್ತದೆ. ಮೇ ಹದಿನೈದರೊಳಗೆ ಒಡೆದ ಹಂಚು ಬದಲಾಯಿಸಿ, ಸೂರಿನ ನೀರು ಹರಿಯುವ ದೋಣಿಯ ಕಸ ತೆಗೆಸಿ, ಕಟ್ಟಿಗೆ ಒಳಗೆ ಹಾಕಿ, ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿ. ಜೂನ್ ಬಂದ ಮೇಲೆ ಹಂಚಿನವರು ಫೋನ್ ಎತ್ತುವುದಿಲ್ಲ. ಮೇನ್ ಸ್ವಿಚ್ ಎಲ್ಲಿದೆ, ಫ್ಯೂಸ್ ಹೇಗೆ ಬದಲಾಯಿಸುವುದು ಅಂತ ಬೆಳಕಿರುವಾಗಲೇ ನೋಡಿಕೊಳ್ಳಿ. ಗುಡುಗು ಬಂದರೆ ಟಿವಿ, ಪಂಪ್, ಫ್ರಿಜ್ಜಿನ ಪ್ಲಗ್ ಕಿತ್ತುಹಾಕಿ.

ಘಟ್ಟದ ಮೇಲೆ, ಶಿರಸಿ ಸಿದ್ದಾಪುರದ ಕಡೆ, ಪಂಚಾಂಗ ಬೇರೆ. ನನ್ನ ಜೊತೆ ಓದಿದವನೊಬ್ಬನ ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡರು. ಅಡಿಕೆಗೆ ಮಳೆ ಹಿಡಿಯುವ ಮೊದಲು ಮದ್ದು ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ರೋಗ. ಅವನ ಹತ್ತಿರ ಕೊನೆಗೌಡನ (ಮರ ಹತ್ತಿ ಮದ್ದು ಹೊಡೆಯುವವನು, ಕೊನೆ ಅಂದರೆ ಅಡಿಕೆ ಗೊನೆ ಕೊಯ್ಯುವವನು) ನಂಬರೇ ಇರಲಿಲ್ಲ. ಅಪ್ಪ ಸಂಜೆ ದಾರಿಯಲ್ಲಿ ನಿಂತು ಹೇಳುತ್ತಿದ್ದರಂತೆ, ಫೋನಿನಲ್ಲಲ್ಲ. ಹುಡುಕಿ ಕರೆತರುವಷ್ಟರಲ್ಲಿ ಮಳೆ ಹಿಡಿದಿತ್ತು. ಮದ್ದಿನ ಲೆಕ್ಕ ಅವನು ಈಗ ಬಾಯಿಪಾಠ ಹೇಳುತ್ತಾನೆ: ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಕೂಡದು. ಕತ್ತಿಯ ಅಲಗನ್ನು ಅದ್ದಿ ತೆಗೆದರೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅಡಿಕೆ ಮನೆಯವರು ಸೊಸೈಟಿಯಲ್ಲಿರುವ ಅಪ್ಪನ ಸದಸ್ಯತ್ವ, ಬೆಳೆಸಾಲ ಎರಡನ್ನೂ ಕೊನೆಕೊಯ್ಲಿಗಿಂತ ಮೊದಲೇ ಸರಿಪಡಿಸಿಕೊಳ್ಳಿ. ಇಲ್ಲದಿದ್ದರೆ ಅಡಿಕೆ ಹಾಕುವ ಹೊತ್ತಿಗೆ ಯಾರ ಖಾತೆಗೆ ಅಂತ ಗೊಂದಲ.

ಹೆಜ್ಜೆ 10: ತಿಂಗಳ ಲೆಕ್ಕ

ಮೂರು ತಿಂಗಳು ಬರಿ ಬರೆಯಿರಿ, ಕಡಿಮೆ ಮಾಡಲು ಹೋಗಬೇಡಿ. ಎಲ್ಲಿ ಸೋರುತ್ತಿದೆ ಅಂತ ತಾನಾಗಿ ಕಾಣುತ್ತದೆ. ನಮ್ಮದು ಹೋಟೆಲ್ ಪಾರ್ಸೆಲ್‌ನಲ್ಲಿ ಸೋರುತ್ತಿತ್ತು. ವಿಮೆಯಿಂದ ಬಂದ ಹಣವನ್ನು ಒಂದು ವರ್ಷ ಎಫ್‌ಡಿಯಲ್ಲಿಟ್ಟು ಮರೆತುಬಿಡಿ. ಚಿಟ್‌ಫಂಡು, ಸೈಟು, ಡಬಲ್ ಆಗುತ್ತದೆ ಅನ್ನುವವರು, ಇವರಿಗೆಲ್ಲ ಸಾವಿನ ಮನೆಯ ವಾಸನೆ ಹೇಗೆ ಬರುತ್ತದೋ ಗೊತ್ತಿಲ್ಲ. ಮನೆಯಲ್ಲಿ ಹದಿನೆಂಟರೊಳಗಿನ ಮಕ್ಕಳಿದ್ದು ಆದಾಯ ಕಡಿಮೆ ಇದ್ದರೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಹೆಜ್ಜೆ 11: ಚೌತಿಯ ದಿನ

ಕಾಗದಕ್ಕೆ ಗಡುವು ಇರುತ್ತದೆ, ದುಃಖಕ್ಕೆ ಇಲ್ಲ. ಅದು ತನಗೆ ಬೇಕಾದಾಗ ಬರುತ್ತದೆ. ನನಗೆ ಅಮ್ಮ ಹೋದ ದಿನಕ್ಕಿಂತ ಕಷ್ಟವಾದದ್ದು ಗಣೇಶ ಚೌತಿ. ಮೊದಲ ವರ್ಷ ಹಬ್ಬ ಇಲ್ಲ. ಊರೆಲ್ಲ ಪಟಾಕಿ, ನಮ್ಮ ಮನೆಯಲ್ಲಿ ಕರಿಯುವ ವಾಸನೆಯೇ ಇಲ್ಲ. ಸಂಜೆ ಚಿಕ್ಕಿ ಹಿಂದಿನ ಬಾಗಿಲಿಂದ ಬಂದು ಪಂಚಕಜ್ಜಾಯದ ಡಬ್ಬಿ ಇಟ್ಟು ಹೋದರು. ಇಂಥ ದಿನ ಮೊದಲೇ ಗೊತ್ತಿರುತ್ತದೆ ಅಲ್ವಾ? ಹಾಗಾಗಿ ಮೊದಲೇ ಏನಾದರೂ ಗೊತ್ತು ಮಾಡಿಟ್ಟುಕೊಳ್ಳಿ. ಒಬ್ಬರೇ ಇರಬೇಡಿ.

ಅಳು ಬರುವುದು ಸಹಜ, ಬಾರದಿರುವುದೂ ಸಹಜ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಸ್ನಾನ ಮಾಡಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂತಾದರೆ ಟೆಲಿ ಮನಸ್‌ಗೆ ಕರೆ ಮಾಡಿ. ನಂಬರ್ 14416. ಉಚಿತ, ಇಪ್ಪತ್ನಾಲ್ಕು ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನಾನು ನವೆಂಬರಿನ ಒಂದು ರಾತ್ರಿ ಮಾಡಿದ್ದೆ. ಆ ಕಡೆಯವರು ಹೆಚ್ಚೇನೂ ಹೇಳಲಿಲ್ಲ, ಪೂರ್ತಿ ಕೇಳಿಸಿಕೊಂಡರು. ತಮ್ಮ ಗಂಡುಹುಡುಗ, ಗಟ್ಟಿ ಇದ್ದಾನೆ ಅಂದುಕೊಂಡಿದ್ದೆ. ಅವನು ರಾತ್ರಿ ಅಮ್ಮನ ಸೀರೆ ಹೊದ್ದು ಮಲಗುತ್ತಿದ್ದದ್ದು ನನಗೆ ಗೊತ್ತಾದದ್ದು ಚಳಿಗಾಲ ಮುಗಿದ ಮೇಲೆ, ಬಟ್ಟೆ ಒಗೆಯುವಾಗ. ಕಿರಿಯರನ್ನು ಕೇಳಿ. ಸರಿಯಿದ್ದೀಯಾ ಅಂತ ಕೇಳಿದರೆ ಹ್ಞೂಂ ಅನ್ನುತ್ತಾರೆ. ಒಟ್ಟಿಗೆ ಪಾತ್ರೆ ತೊಳೆಯುತ್ತಾ ಮಾತಾಡಿದರೆ ಹೇಳುತ್ತಾರೆ.

ಬಟ್ಟೆಬರೆ ಕೊಟ್ಟುಬಿಡಿ ಅಂತ ಅವಸರ ಮಾಡುವವರ ಮಾತು ಕೇಳಬೇಡಿ. ಕಪಾಟು ಖಾಲಿ ಮಾಡಲು ಯಾವ ಕಾಯ್ದೆಯೂ 21 ದಿನ ಅಂತ ಹೇಳಿಲ್ಲ.

ಹೆಜ್ಜೆ 12: ಫೋನ್

ವರ್ಷಾಂತ ಆದ ಮೇಲೆ ಮಾಡಿ, ಅಲ್ಲಿಯವರೆಗೆ ಬೇಡ. ಸಿಮ್ ರದ್ದು ಮಾಡುವ ಮೊದಲು ಪುಸ್ತಕ ತೆರೆದು ನೋಡಿ: ಗ್ಯಾಸ್, ಹೆಸ್ಕಾಂ, ಪಡಿತರ, ತಮ್ಮನ ಕಾಲೇಜು, ಸ್ಕಾಲರ್‌ಶಿಪ್, ಎಲ್ಲೆಲ್ಲಿ ಆ ನಂಬರ್ ಕೊಟ್ಟಿದೆಯೋ ಅಲ್ಲೆಲ್ಲ ನಿಮ್ಮದನ್ನು ಹಾಕಿಸಿ. ರೀಚಾರ್ಜ್ ಮಾಡದೆ ಸುಮ್ನೆ ಬಿಟ್ಟರೆ ನಂಬರ್ ಕೆಲವು ತಿಂಗಳಲ್ಲಿ ರದ್ದಾಗಿ ಬೇರೆಯವರಿಗೆ ಹೋಗುತ್ತದೆ, ಹೋದವರ ಖಾತೆಗಳ ಒಟಿಪಿಗಳೂ ಅಲ್ಲಿಗೇ ಹೋಗುತ್ತವೆ. ಫೋಟೋ, ವಾಟ್ಸ್‌ಆ್ಯಪ್‌ನ ವಾಯ್ಸ್ ಮೆಸೇಜುಗಳನ್ನು ಎರಡು ಕಡೆ ಉಳಿಸಿಕೊಳ್ಳಿ. ಅಮ್ಮನದು ಹೆಚ್ಚಿನವು ಏಳೆಂಟು ಸೆಕೆಂಡಿನವು. ಬರುವಾಗ ತೆಂಗಿನೆಣ್ಣೆ ತಾ. ಛತ್ರಿ ಒಯ್ದಿದ್ದೀಯಾ.

ನಾನು ಇನ್ನೇನು ಸಿಮ್ ತೆಗೆಯಬೇಕು, ಅಷ್ಟರಲ್ಲಿ ಆ ಫೋನ್ ರಿಂಗಾಯಿತು. ಮೀನಿನವಳು. ನನ್ನ ಹೊಸ ನಂಬರ್ ಕೊಟ್ಟಿದ್ದರೂ ಅಭ್ಯಾಸಬಲ. "ಇಸ್ವಾಣ ಬಂದಿದೆ, ತಲೆ ತೆಗೆದಿಡಲಾ?" ಅಂದಳು. ತೆಗೆದಿಡು ಅಂದೆ. ಸಾರಿಗೆ ತಲೆ, ಹುರಿಯಲು ತುಂಡು. ಸಂಜೆ ಐದೂಮುಕ್ಕಾಲಿನ ಬಸ್ಸಿಗೆ ಬರುತ್ತೇನೆ ಎಂದು ಹೇಳಿ, ಇನ್ನೊಂದು ಸಲ ನನ್ನ ನಂಬರ್ ಬರೆಸಿದೆ.